ಗಾಜಿನ ಪೆಟ್ಟಿಗೆಗೆ ಹೇಳಿದ ಮಾತು

ನಮ್ಮ ಮಾವನವರ ಬಲಗೈ ಬೆರಳ ತುದಿಗಳು ಸದಾ ನೆನೆದ ಅವಲಕ್ಕಿಯ ಹಾಗೆ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಎಡಗೈ ಮಾತ್ರ ಅಕ್ಕಿ ಗಿರಣಿಯ ಯಜಮಾನರದೇ ಕೈ. ಒರಟು, ಒಣಕಲು, ಉಗುರಿನ ಸಂದಿಯಲ್ಲೆಲ್ಲ ತೌಡು. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಪೂರ್ವದ ಕಿಟಕಿಯ ಪಕ್ಕ ಒಂದು ಗಾಜಿನ ಪೆಟ್ಟಿಗೆ ಇತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಮೇಲೆ ಅಂಗಿಯ ತೋಳು ಮಡಚಿ, ಬಲಗೈಯನ್ನು ಮೊಣಕೈವರೆಗೆ ಅದರ ನೀರಿಗೆ ಇಳಿಸಿ, ತಳದಲ್ಲಿ ನೆಟ್ಟ ಹುಲ್ಲಿನ ಬುಡಗಳನ್ನು ಒಂದೊಂದಾಗಿ ತಡವುತ್ತ ಕೂರುತ್ತಿದ್ದರು. ಹಿಂದುಗಡೆ ಗಿರಣಿಯ ಎಂಜಿನ್ ದಡದಡ ಶುರುವಾದರೂ ಆ ಕೈ ಬೇಗ ಮೇಲೇಳುತ್ತಿರಲಿಲ್ಲ.

ಆ ಪೆಟ್ಟಿಗೆ ಮೂಲದಲ್ಲಿ ರೈಲ್ವೆಯ ತಂತಿ ಕಚೇರಿಯದು. ಬ್ಯಾಟರಿಗೆಂದು ಬಂದ ದಪ್ಪ ಗಾಜು, ಹಳತಾಗಿ ಮೂಲೆ ಸೇರಿತ್ತು. ಸ್ಟೇಷನ್ ಮಾಸ್ತರರಿಂದ ಅದನ್ನು ಕೇಳಿ ತಂದು, ಆಸಿಡ್ಡಿನ ಅಂಶ ಹೋಗಲೆಂದು ಒಂದು ಮಳೆಗಾಲವಿಡೀ ಹಿತ್ತಲಲ್ಲಿ ನೆನೆಹಾಕಿದ್ದರಂತೆ. ಅದಕ್ಕೂ ಮುಂಚೆ, ಗಿರಣಿಯ ಎಂಜಿನ್ ಕೊಳ್ಳಲು ಮದರಾಸಿಗೆ ಹೋದಾಗ, ಗಾಜಿನ ಹಿಂದೆ ಮೀನು ತೋರಿಸುವ ಕಟ್ಟಡವೊಂದಕ್ಕೆ ಹೋಗಿದ್ದರು. ಜೊತೆಗಿದ್ದವರೆಲ್ಲ ಮೀನಿನ ಬಣ್ಣ ನೋಡಿ ಬಾಯಿ ತೆರೆದರೆ ಇವರು ಮೀನಿನ ಹಿಂದಿದ್ದ ಹುಲ್ಲು ನೋಡುತ್ತ ನಿಂತರಂತೆ. ಒಂದು ಹನಿ ನೀರು ತಾಗಿದರೆ ಚೀಲದ ಅಕ್ಕಿಯೆಲ್ಲ ಮುಗ್ಗುವುದನ್ನು ಜನ್ಮವಿಡೀ ನೋಡಿದ ಮನುಷ್ಯ. ನೀರಿನೊಳಗೇ ಇದ್ದೂ ಕೊಳೆಯದೆ ಹಸಿರಾಗಿ ನಿಂತದ್ದು ಅವರಿಗೆ ದೊಡ್ಡ ಬೆರಗು.

ನಾನು ಕಂಪ್ಲಿಯ ಹೊಳೆದಂಡೆಯಿಂದ ಆ ಮನೆಗೆ ಸೊಸೆಯಾಗಿ ಬಂದವಳು. ಹುಟ್ಟಾ ಪುಕ್ಕಲು. ಹಾಲು ಉಕ್ಕಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಉಕ್ಕದಿದ್ದರೆ ಒಡೆದಿರಬಹುದೆಂದು ಇನ್ನೂ ಹೊಡೆದುಕೊಳ್ಳುತ್ತಿತ್ತು. ಆ ಕಾಲದಲ್ಲಿ ಸೊಸೆಯಾದವಳು ಮಾವನ ಎದುರು ನಿಲ್ಲುವಂತಿರಲಿಲ್ಲ, ಮಾತಾಡುವುದಂತೂ ದೂರದ ಮಾತು. ಪಡಸಾಲೆಗೂ ನಡುಮನೆಗೂ ನಡುವಿನ ಹೊಸ್ತಿಲೇ ನನ್ನ ಗಡಿ. ಅವರು ಆಚೆ, ನಾನು ಬಾಗಿಲ ಮರೆಯಲ್ಲಿ ಈಚೆ. ಬೇರೆ ಮನೆಗಳಲ್ಲಿ ಮಾವಂದಿರು ಸೊಸೆಗೆ ಏನಾದರೂ ಹೇಳಬೇಕಾದರೆ ಕಂಬಕ್ಕೋ ಬೆಕ್ಕಿಗೋ ಹೇಳುತ್ತಿದ್ದರು. ನಮ್ಮ ಮಾವನವರು ಗಾಜಿನ ಪೆಟ್ಟಿಗೆಗೆ ಹೇಳುತ್ತಿದ್ದರು.

"ಇವತ್ತು ಸಾರಿಗೆ ಉಪ್ಪು ಒಂಚೂರು ಹೆಚ್ಚಾಗಿತ್ತು, ಆದ್ರ ಒಗ್ಗರಣಿ ಮಸ್ತ್ ಇತ್ತು ನೋಡ್ರಿ," ಎಂದು ನೀರಿಗೆ ಹೇಳುವರು. ನಾನು ಬಾಗಿಲ ಹಿಂದೆ ನಾಲಗೆ ಕಚ್ಚಿಕೊಳ್ಳುವೆನು. ನನ್ನ ತವರಿನಿಂದ ಯಾರಾದರೂ ಬಂದು ಹೋದ ದಿನ ನನ್ನ ಮುಖ ಬಾಡಿರುತ್ತಿತ್ತು. ಅದು ಅವರಿಗೆ ಹೇಗೆ ತಿಳಿಯುತ್ತಿತ್ತೋ, "ಹೊಳಿಯಿಂದ ಕಿತ್ತು ತಂದಿದ್ದು ಮೊದಲಿಗೆ ಎಲಿ ಉದುರಿಸ್ತೈತಿ. ಬೇರು ಬಿಟ್ಟ ಮ್ಯಾಲೆ ತಾನಾಗೇ ಚಿಗೀತೈತಿ," ಎಂದು ಹುಲ್ಲಿಗೆ ಸಮಾಧಾನ ಹೇಳುತ್ತಿದ್ದರು. ಆ ಮಾತು ಹುಲ್ಲಿಗೆಷ್ಟು ನಾಟಿತೋ ಗೊತ್ತಿಲ್ಲ. ನಾನಂತೂ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ.

ಹೀಗೆ ಬಾಗಿಲ ಮರೆಯಲ್ಲಿ ನಿಂತೇ ನಾನು ಆ ಪೆಟ್ಟಿಗೆಯ ವಿದ್ಯೆಯನ್ನೆಲ್ಲ ಕಲಿತೆ. ತಳದಲ್ಲಿ ಸೊಂಡೂರಿನ ಗುಡ್ಡದ ಕೆಂಪು ಮಣ್ಣು ತೆಳ್ಳಗೆ ಒಂದು ಪದರ. ಅದರ ಮೇಲೆ ತೊಳೆದು ತೊಳೆದು ಬಿಳುಪಾದ ಹೊಳೆಯ ಮರಳು. ಮೊದಲ ಸಲ ಮಣ್ಣು ಹೆಚ್ಚಾಗಿ ನೀರೆಲ್ಲ ಓಕುಳಿಯಾಗಿತ್ತೆಂದು ಅತ್ತೆ ಆಗಲೂ ನಗುತ್ತಿದ್ದರು. ಉದ್ದನೆಯ ಪಟ್ಟಿ ಪಟ್ಟಿ ಎಲೆಯ ಹುಲ್ಲನ್ನು ಕಮಲಾಪುರದ ಕೆರೆಯಿಂದ ತಂದಿದ್ದರು. ಅದಕ್ಕೆ ಅವರಿಟ್ಟ ಹೆಸರು ಲಾಡಿ. ಹಂಪಿಯ ಹತ್ತಿರದ ಹಳೆಯ ಕಲ್ಲು ಹೊಂಡವೊಂದರಿಂದ ತಂದ, ಗೆಣ್ಣು ಗೆಣ್ಣಿಗೂ ಪುಟ್ಟ ಎಲೆ ಸುತ್ತಿಕೊಂಡ ಬಳ್ಳಿಗೆ ಜಡೆ. ಬಂದವರ ಮುಂದೆ "ನಮ್ಮ ಲಾಡಿ ಭಾಳ ಉದ್ದ ಆಗೈತಿ, ಕತ್ತರಿಸಬೇಕು" ಎಂದು ಮಾವನವರು ಹೇಳಿದಾಗಲೆಲ್ಲ ಅತ್ತೆ ಒಳಗಿನಿಂದ ಕೆಮ್ಮುತ್ತಿದ್ದರು.

"ಬೇರು ಮಣ್ಣಾಗ ಇರಲಿ, ಕುತ್ತಿಗಿ ನೀರಾಗ ಇರಲಿ. ಕುತ್ತಿಗಿ ಹೂಳಿದ್ರ ಯಾರರ ಬದುಕ್ತಾರೇನು?" ಎನ್ನುತ್ತ ಅವರು ನೆಡುತ್ತಿದ್ದರು. ಹಣ್ಣಾದ ಎಲೆಯನ್ನು ಕೂಡಲೇ ಚಿವುಟಿ ತೆಗೆಯುತ್ತಿದ್ದರು, ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆಂದು. ತಾಮ್ರದ ಕೊಡದಲ್ಲಿಟ್ಟ ನೀರನ್ನು ಹತ್ತಿರ ತರಲು ಬಿಡುತ್ತಿರಲಿಲ್ಲ. ಮಣ್ಣಿನ ಗಡಿಗೆಯಲ್ಲಿ ಇಟ್ಟು ತಿಳಿಯಾದ ಕಾಲುವೆ ನೀರೇ ಆಗಬೇಕು, ಅದೂ ಒಂದು ತಂಬಿಗೆ ತೆಗೆದು ಒಂದು ತಂಬಿಗೆ ಹಾಕಬೇಕು. "ಎಲ್ಲಾ ನೀರು ಒಮ್ಮೆಗೇ ಚೆಲ್ಲಬಾರದು. ಮನಿಗೆ ಹೊಸಬರು ಬಂದ್ರು ಅಂತ ಹಳಬರನ್ನ ಹೊರಗ ಹಾಕ್ತೀವೇನು?" ಎನ್ನುವಾಗ ಬಾಗಿಲ ಕಡೆ ತಿರುಗದೆಯೇ ಮೀಸೆಯಲ್ಲಿ ನಗುತ್ತಿದ್ದರು. ಎಳೆ ಬಿಸಿಲು ಕಿಟಕಿಯಿಂದ ಇಳಿದಾಗ ಎಲೆಗಳ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಮೂಡಿ ಮೇಲೇರುತ್ತಿದ್ದವು. ಅದನ್ನು ನೋಡಿದ ಮೇಲೇ ಅವರು ಕೈ ಒರೆಸಿಕೊಂಡು ಏಳುತ್ತಿದ್ದರು. "ಉಸಿರಾಡಾಕತ್ತಾವ. ಇನ್ನ ಹೋಗಬಹುದು."

ಮೀನಿನದೇ ದೊಡ್ಡ ರಗಳೆ. ಹುಲ್ಲು ಬೆಳೆದ ನಿಂತ ನೀರಿನಲ್ಲಿ ಸೊಳ್ಳೆ ಮರಿ ಮಾಡದಿರುತ್ತದೆಯೇ? ನಮ್ಮ ಕಡೆ ಚಳಿಜ್ವರಕ್ಕೆ ಹೆದರದ ಮನೆಯಿರಲಿಲ್ಲ. ಮಾವನವರು ಕಾಲುವೆಯಿಂದ ಬೆರಳುದ್ದದ ಮೀನು ಹಿಡಿಸಿ ತಂದು ಬಿಟ್ಟರು. ಲಿಂಗ ಕಟ್ಟಿದವರ ಮನೆಯಲ್ಲಿ ಮೀನು! ಅತ್ತೆ ಊಟ ಬಿಟ್ಟು ಕೂತರು. "ತಿನ್ನಾಕ ತಂದಿಲ್ಲ, ಅದಕ್ಕ ತಿನ್ನಸಾಕ ತಂದೀನಿ. ಸೊಳ್ಳಿ ಅದು ತಿಂದ್ರ ಜ್ವರ ನಾವು ತಿನ್ನೋದು ತಪ್ಪತೈತಿ," ಎಂದರು ಮಾವ. ಕೊನೆಗೆ ಪೆಟ್ಟಿಗೆ ಹೊಸ್ತಿಲು ದಾಟಿ ಒಳಗೆ ಬರಬಾರದು ಎಂಬ ಕರಾರಿಗೆ ರಾಜಿಯಾಯಿತು. ಆದರೂ ಅತ್ತೆ ಆ ಹೆಸರನ್ನು ನಾಲಗೆಯ ಮೇಲೆ ತರಲಿಲ್ಲ. ಅವರ ಬಾಯಲ್ಲಿ ಅವು "ನೀರಾಗಿನ ಹುಳ". ಪೆಟ್ಟಿಗೆಯ ಹತ್ತಿರ ಸುಳಿಯುತ್ತಲೂ ಇರಲಿಲ್ಲ.

ಮಾವನವರ ಒಂದು ಕಣ್ಣು ನಾನು ಬರುವ ಮುಂಚೆಯೇ ಹೋಗಿತ್ತು. ಗಿರಣಿಯಲ್ಲಿ ಭತ್ತದ ಮುಳ್ಳಿನಂಥ ಸುಂಕು ಸಿಡಿದು ಗಾಯವಾಗಿ, ಹೂ ಬಿದ್ದು, ಬೆಳ್ಳಗಾಗಿತ್ತು. ಉಳಿದದ್ದು ಒಂದೇ. ಅದಕ್ಕೂ ಮೆಲ್ಲಗೆ ಪೊರೆ ಬರತೊಡಗಿತು. ಮೊದಲು ಅಕ್ಕಿಯಲ್ಲಿನ ನುಚ್ಚು ಕಾಣದಾಯಿತು, ಆಮೇಲೆ ಎದುರು ಬಂದವರ ಮುಖ. ಕೊನೆಕೊನೆಗೆ ಬೆಳಗಿನ ಬಿಸಿಲಿಗೆ ಹಿಡಿದ ಆ ಪೆಟ್ಟಿಗೆಯ ಹಸಿರಷ್ಟೇ ಅವರಿಗೆ ಬಣ್ಣವೆಂದು ಗೊತ್ತಾಗುತ್ತಿತ್ತು. ಗುಳ್ಳೆ ಎದ್ದವೋ ಇಲ್ಲವೋ ಎಂದು ಮುಖವನ್ನು ಗಾಜಿಗೆ ಒತ್ತಿ ನೋಡುತ್ತಿದ್ದರು. ಗಾಜಿನ ಮೇಲೆ ಅವರ ಹಣೆಯ ವಿಭೂತಿ ಅಂಟಿರುತ್ತಿತ್ತು.

ಬಳ್ಳಾರಿಯ ಕಣ್ಣಿನ ಡಾಕ್ಟರು ಆಪರೇಷನ್ ಮಾಡುತ್ತೇನೆಂದರು. ಒಂದೇ ಕಣ್ಣು, ಆದ್ದರಿಂದ ಖಾತ್ರಿ ಹೇಳಲಾರೆ ಎಂದೂ ಅಂದರು. ಹೊರಡುವ ದಿನ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ನನ್ನ ಗಂಡ ಹಾಸಿಗೆ ಸುರುಳಿ ಏರಿಸುತ್ತಿದ್ದರು. ಮಾವನವರು ಕಿಟಕಿಯ ಬಳಿ ಬಂದು ಗಾಜಿನ ಮೇಲೆ ಕೈಯಿಟ್ಟರು. ಗಾಡಿಯವನು ಎರಡು ಸಲ ಕೂಗಿದರೂ ಆ ಕೈ ತೆಗೆಯಲಿಲ್ಲ. ಅವರಂಥವರಿಗೂ ಹೆದರಿಕೆಯಾಗುತ್ತದೆಂದು ನನಗೆ ಅಂದೇ ಗೊತ್ತಾದದ್ದು.

"ಪಟ್ಟಿ ಬಿಚ್ಚಿ ಬಂದ ಮ್ಯಾಲೆ ನಾ ಮೊದಲು ಚಂದಗ ನೋಡೋದು ನಿಮ್ಮನ್ನ. ಕಣ್ಣು ಬಂತೋ ಹೋತೋ ಅಂತ ನೀವ ಹೇಳಬೇಕು ನನಗ," ಎಂದರು. ಆಮೇಲೆ ಬಾಗಿಲ ಮರೆಯಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳುವಂತೆ, "ನಾ ಬರೋತನಕ ಹಸರಿರ್ರಿ," ಎಂದರು.

ಗಾಡಿ ಮರೆಯಾಯಿತು. ಪುಕ್ಕಲಿಯ ಕೈಗೆ ಪೆಟ್ಟಿಗೆ ಬಂತು.

ಮೊದಮೊದಲು ಎಲ್ಲ ಸರಿಯಿತ್ತು. ಅವರು ಹೇಳಿದ್ದನ್ನೆಲ್ಲ ಹಾಗೆಯೇ ಮಾಡಿದೆ. ಪಡಸಾಲೆಯಲ್ಲಿ ಗಂಡಸರು ಇಲ್ಲದಿದ್ದುದರಿಂದ ಹೊಸ್ತಿಲು ದಾಟಲು ಅಡ್ಡಿಯಿರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಗುಳ್ಳೆಗಳಿಲ್ಲ. ಬಿಸಿಲು ಬಿದ್ದಿತ್ತು, ಎಲೆಗಳು ಸುಮ್ಮನೆ ನಿಂತಿದ್ದವು. ಮುಂದೆ ಲಾಡಿಯ ಎಲೆಗಳ ಮೇಲೆ ಬಿಳಿಯ ಧೂಳು ಕೂತಂತಾಯಿತು. ಒರೆಸಿದರೆ ಎಲೆಯೇ ಕೈಗೆ ಬಂತು. ನೀರು ತೆಳುವಾದ ಅಕ್ಕಿ ತೊಳೆದ ನೀರಿನಂತೆ ಕಾಣತೊಡಗಿತು.

ಆಗ ಕಾಲುವೆಯನ್ನು ರಿಪೇರಿಗೆಂದು ನಿಲ್ಲಿಸಿದ್ದರು. ಗಡಿಗೆಗೆ ನಮ್ಮ ಬಾವಿಯ ನೀರೇ ತುಂಬುತ್ತಿದ್ದೆ. ಬಾವಿಯ ನೀರು ಸವುಳು, ಅದರದೇ ಕಾಟವೆಂದುಕೊಂಡು ಮಿಲ್ಲಿನ ಆಳನ್ನು ಕಳಿಸಿ ಹೊಳೆಯ ನೀರು ತರಿಸಿದೆ. ತಿಳಿಯಾಗಲಿಲ್ಲ. ಬಿಸಿಲು ಹೆಚ್ಚಾಯಿತೇ ಎಂದು ಕಿಟಕಿಗೆ ಧೋತರ ಕಟ್ಟಿದೆ. ಕಡಿಮೆಯಾಯಿತೇ ಎಂದು ಬಿಚ್ಚಿದೆ. ನನಗೆ ಊಟ ಸೇರದಾಯಿತು. ಗಿರಣಿಯ ಗುಮಾಸ್ತರು ರೈಲಿನಲ್ಲಿ ಬಳ್ಳಾರಿಗೆ ಹೋಗಿ ಬಂದು ಸುದ್ದಿ ಹೇಳುತ್ತಿದ್ದರು. ಆಪರೇಷನ್ ಆಗಿದೆ, ತಲೆ ಅಲುಗಬಾರದೆಂದು ಎರಡೂ ಕಡೆ ಮರಳಿನ ಚೀಲ ಇಟ್ಟು ಮಲಗಿಸಿದ್ದಾರೆ. ಮುಂದಿನ ಸಲ ಬಂದಾಗ, ಜ್ವರ ಬಂದಿದೆ, ಕಣ್ಣು ಬಾತಿದೆ, ಪಟ್ಟಿ ಬಿಚ್ಚುವುದನ್ನು ಮುಂದೆ ಹಾಕಿದ್ದಾರೆ ಎಂದರು. ಅಂದೇ ನೀರು ಇನ್ನಷ್ಟು ಬೆಳ್ಳಗಾಯಿತು. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಮತ್ತೆ ಮತ್ತೆ ಹೋಗಿ ನೀರು ನೋಡುತ್ತಿದ್ದೆ. ಒಂದು ಮೀನು ಸತ್ತು ತೇಲಿತು. ಅದನ್ನು ಎಲೆಯಲ್ಲಿ ಸುತ್ತಿ, ಅತ್ತೆಗೆ ಕಾಣದಂತೆ ಹಿತ್ತಲ ದಾಸವಾಳದ ಬುಡದಲ್ಲಿ ಹೂತೆ.

ಸಂಬಂಧ ಇತ್ತೆಂದು ತಿಳಿದದ್ದು ಮರುದಿನ ಬೆಳಿಗ್ಗೆ. ಕಸ ಬಳಿಯಲು ಬೇಗ ಎದ್ದು ಬಂದವಳು ನಡುಮನೆಯಲ್ಲೇ ನಿಂತುಬಿಟ್ಟೆ. ಅತ್ತೆ ಪೂಜೆ ಮುಗಿಸಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ಆ ಪೆಟ್ಟಿಗೆಯ ಮುಂದೆ ನಿಂತಿದ್ದರು. ನೀರಾಗಿನ ಹುಳದ ಹತ್ತಿರ ಸುಳಿಯದ ಅತ್ತೆ! ಅಂಗೈಯಲ್ಲಿ ವಿಭೂತಿ ಗಟ್ಟಿ ಇತ್ತು. ಅದನ್ನು ಉಗುರಿನಿಂದ ಕೆರೆದು ಕೆರೆದು ನೀರಿಗೆ ಉದುರಿಸುತ್ತಿದ್ದರು. ತುಟಿ ಅಲುಗುತ್ತಿತ್ತು. "ಅವರು ಮೊದಲು ನೋಡೋದು ನಿನ್ನನ್ನಂತ. ಅವರ ಕಣ್ಣು ಕಾಯಪ್ಪಾ, ಕಣ್ಣು ಕಾಯಿ," ಎನ್ನುತ್ತಿದ್ದರು. ಮಾವನವರು ಹೊರಡುವಾಗ ಪೆಟ್ಟಿಗೆಗೆ ಹೇಳಿದ ಮಾತು ನನ್ನೊಬ್ಬಳಿಗೇ ಕೇಳಿಸಿದ್ದೆಂದು ನಾನು ತಿಳಿದಿದ್ದೆ.

ಸುದ್ದಿ ಕೆಟ್ಟದಾದ ದಿನವೆಲ್ಲ ಅವರು ಹೆಚ್ಚು ಹಾಕಿದ್ದರು. ಬರೀ ಬೂದಿ ಅದು, ನೀರನ್ನು ಕೆಡಿಸಿ ಎಲೆಯ ಉಸಿರು ಕಟ್ಟಿಸುತ್ತಿತ್ತು. ಆದರೆ ಹೇಗೆ ಹೇಳುವುದು? ಗಂಡನ ಕಣ್ಣಿಗೆಂದು ಬೇಡಿಕೊಳ್ಳುತ್ತಿರುವ ಹೆಂಗಸಿಗೆ, ನಿಮ್ಮ ವಿಭೂತಿಯಿಂದಲೇ ಎಲ್ಲ ಸಾಯುತ್ತಿದೆ ಎಂದು ಯಾವ ಬಾಯಿಂದ ಹೇಳಲಿ? ಹೇಳಿದ ಮೇಲೆ ಅಲ್ಲಿ ಬಳ್ಳಾರಿಯಲ್ಲಿ ಏನಾದರೂ ಆದರೆ, ಪೂಜೆ ನಿಲ್ಲಿಸಿದ್ದರಿಂದಲೇ ಆಯಿತೆಂದು ಅವರು ಸಾಯುವವರೆಗೆ ಕೊರಗುವುದಿಲ್ಲವೇ? ನಾನು ಬಾಯಿ ಬಿಡಲಿಲ್ಲ. ಇನ್ನೂ ಹಸಿರಾಗಿದ್ದ ಜಡೆಯ ತುದಿಗಳನ್ನು ಚಿವುಟಿ, ಲಾಡಿಯ ಎರಡು ಮರಿಗಳನ್ನು ಬೇರುಸಹಿತ ಕಿತ್ತು, ಉಳಿದ ಮೀನುಗಳ ಜೊತೆ ಹಿತ್ತಲ ಮಣ್ಣಿನ ಬಾನಿಯಲ್ಲಿ ಬಿಟ್ಟೆ. ಅಲ್ಲಿ ಒಂದು ಎಲೆ ಗುಳ್ಳೆ ಬಿಟ್ಟಿತೆಂದು ಕಂಡ ದಿನ ಬಾನಿಯ ಪಕ್ಕ ಕೂತು ಅತ್ತುಬಿಟ್ಟೆ. ಅವರು ಬರುವಷ್ಟರಲ್ಲಿ ಪೆಟ್ಟಿಗೆ ತೊಳೆದು, ಇವನ್ನು ಮತ್ತೆ ನೆಡಬೇಕೆಂದು ನನ್ನ ಲೆಕ್ಕ.

ಆದರೆ ಅವರು ಗುಮಾಸ್ತರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಅಂದು ಸೋಮವಾರ. ನಾನು ತವರಿನ ಹಸಿರು ಸೀರೆ ಉಟ್ಟು ಆಗಷ್ಟೇ ಪೂಜೆಗೆ ಹೂ ಬಿಡಿಸಿ ತಂದಿದ್ದೆ. ಟಾಂಗಾ ನಿಂತ ಸದ್ದಾಯಿತು. ನನ್ನ ಗಂಡ ಕೈಹಿಡಿದು ಇಳಿಸಿದರು. ಮಾವನವರ ಕಣ್ಣ ಮೇಲೆ ಬಟ್ಟೆಯ ಮರೆ ಇಳಿಬಿದ್ದಿತ್ತು, ಗಡ್ಡ ಬೆಳೆದಿತ್ತು, ಮೈ ಅರ್ಧಕ್ಕಿಳಿದಿತ್ತು. "ಬೆರಳು ತೋರಿಸಿದ್ರ ಹೇಳ್ತಾರ, ಆದ್ರ ಬಾವು ಇಳಿಯೋತನಕ ಖಾತ್ರಿ ಇಲ್ಲ ಅಂದಾರ ಡಾಕ್ಟರು," ಎಂದು ನಮ್ಮವರು ಮೆಲ್ಲಗೆ ಅತ್ತೆಗೆ ಹೇಳುತ್ತಿದ್ದರು. ಮಾವನವರು ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಗೋಡೆ ತಡವುತ್ತ ನೇರ ಕಿಟಕಿಯ ಕಡೆ ನಡೆದರು. ಸಪ್ಪಳವಿಲ್ಲದೆ ಮಂಡಿಯೂರಿ ಕೂತರು. ಜೇಬಿನಿಂದ ದಪ್ಪ ಗಾಜಿನ ಕನ್ನಡಕ ತೆಗೆದರು. ಬಟ್ಟೆ ಮೇಲೆತ್ತಿ ಅದನ್ನು ಹಾಕಿಕೊಂಡು, ಎಂದಿನಂತೆ ಮುಖವನ್ನು ಗಾಜಿಗೆ ಒತ್ತಿದರು.

ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಅವರ ಭುಜ ಕುಸಿಯಿತು.

"ಬೆಳ್ಳಗೈತಿ," ಎಂದರು. "ಬರೇ ಬೆಳ್ಳಗೈತಿ. ಆ ಕಣ್ಣು ಹೋಗುವಾಗಲೂ ಹಿಂಗ ಆಗಿತ್ತು. ಹೋತು... ಇದೂ ಹೋತು."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಬಾಗಿಲ ಮರೆಯಲ್ಲಿದ್ದೆ. ನನಗೆ ಗೊತ್ತಿದ್ದ ಮಾತು ಆ ಗಾಬರಿಯಲ್ಲಿ ಇನ್ನಾರಿಗೂ ಹೊಳೆದಿರಲಿಲ್ಲ. ಹೊಸ್ತಿಲು ಯಾವಾಗ ದಾಟಿದೆನೋ ತಿಳಿಯದು.

"ಕಣ್ಣಲ್ರೀ ಮಾವಾರ! ನೀರು! ನೀರ ಬೆಳ್ಳಗಾಗೈತ್ರಿ, ನಿಮ್ಮ ಕಣ್ಣಲ್ಲ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮಾವನವರು ಗಾಜಿನಿಂದ ಮುಖ ತೆಗೆದು ತಿರುಗಿದರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾವಿಬ್ಬರೂ ಎದುರುಬದುರು. ದಪ್ಪ ಕನ್ನಡಕದೊಳಗಿನ ಆ ಒಂದು ಕಣ್ಣು ದೊಡ್ಡದಾಗಿ, ನೀರು ತುಂಬಿ, ನನ್ನ ಕಾಲಿನಿಂದ ಮುಖದವರೆಗೆ ಮೆಲ್ಲಗೆ ಬಂತು.

"ಹಸರು ಸೀರಿ," ಎಂದರು. ಅನುಮಾನದಿಂದ ಮತ್ತೆ ಕೇಳಿದರು. "ಹಸರು ಸೀರಿ ಉಟ್ಟೀಯಲ್ಲೇನು ಯವ್ವಾ?"

"ಹೌದ್ರಿ," ಎಂದೆ. ಮಾವನವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ, ನಮ್ಮವರು ಮಾತ್ರ ಚಿಕ್ಕ ಹುಡುಗರಂತೆ ಅತ್ತರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮಾವನವರು ತೋಳು ಮಡಚಿ ಬಲಗೈಯನ್ನು ನೀರಿಗೆ ಇಳಿಸಿದರು. ತಳದಿಂದ ಒಂದು ಹಿಡಿ ಕೆಸರು ಮೇಲೆ ತಂದು, ಬೆರಳಲ್ಲಿ ಉಜ್ಜಿ, ಮೂಸಿದರು. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಹೊಸ್ತಿಲ ಬಳಿಯಿಂದ ಅತ್ತೆಯ ದನಿ ಬಂತು.

"ನಾನ ಹಾಕಿದ್ದು. ನಿಮ್ಮ ಕಣ್ಣಿಗಂತ."

ಬೈಯುತ್ತಾರೇನೋ ಎಂದುಕೊಂಡೆ. ಅವರು ಆ ಒದ್ದೆ ಕೆಸರನ್ನೇ ಮೂರು ಬೆರಳಿನಿಂದ ಹಣೆಗೆ ಅಡ್ಡಲಾಗಿ ಎಳೆದುಕೊಂಡರು. "ಹಚ್ಚೋದು ಇಲ್ಲಿ ಹುಚ್ಚಿ. ಆ ಬಡಪಾಯಿ ಹುಲ್ಲು ಏನ್ ಮಾಡೀತು?" ಎಂದರು. ಹಣೆಯಿಂದ ನೀರು ಇಳಿಯತೊಡಗಿತು. "ಕಣ್ಣಿಗೆ ನೀರು ತಾಕಿಸಬ್ಯಾಡ ಅಂದಾರ ಡಾಕ್ಟರು!" ಎಂದು ನಮ್ಮವರು ಟವೆಲು ಹಿಡಿದು ಓಡಿ ಬಂದರು. ಆ ಗಡಿಬಿಡಿಯಲ್ಲಿ ನಾನು ಹಿತ್ತಲಿಗೆ ಹೋಗಿ ಬಾನಿ ಹೊತ್ತು ತಂದು ಅವರ ಮುಂದಿಟ್ಟೆ. ಲಾಡಿಯ ಮರಿಗಳು ಹೊಸ ಎಲೆ ಹೊರಡಿಸಿದ್ದವು.

ಅಂದಿನಿಂದ ಎರಡು ರೂಢಿ ಬದಲಾದವು. ಅತ್ತೆ ಪೂಜೆಯ ನಂತರ ಪೆಟ್ಟಿಗೆಯ ಗಾಜಿಗೆ ಹೊರಗಡೆ ಮೂರು ಬೆರಳ ವಿಭೂತಿ ಎಳೆಯತೊಡಗಿದರು. ಮಾವನವರೇ ಹಾಗೆ ಮಾಡೆಂದು ಹೇಳಿದ್ದರು. ಮತ್ತೆ ಮಾವನವರು ನನ್ನ ಜೊತೆ ನನ್ನ ಮುಖ ನೋಡಿಯೇ ಮಾತಾಡತೊಡಗಿದರು. ಬೀಗರ ಮುಂದೆ, ಗುಮಾಸ್ತರ ಮುಂದೆ, ಯಾರ ಮುಂದಾದರೂ ಸರಿ. ಊರಲ್ಲಿ ಒಂದಿಬ್ಬರು ಆಡಿಕೊಂಡರು. "ಕಣ್ಣು ಐತಿ ಅಂತ ಹೇಳಿದವಳು ಅಕಿ. ಅಕೀ ಮುಖ ನೋಡಬಾರದಂದ್ರ ಈ ಕಣ್ಣು ಯಾಕ ನನಗ?" ಎಂದು ಅವರ ಬಾಯಿ ಮುಚ್ಚಿಸಿದರು. ಮಾತಾಡಲು ಹೆದರುತ್ತಿದ್ದವಳಿಗೆ ಆ ಮನೆಯಲ್ಲಿ ಮಾತು ಕೊಟ್ಟವರು ಅವರು. ಆ ಋಣ ದೊಡ್ಡದು.

ಯುದ್ಧದ ಕಾಲದಲ್ಲಿ ಅಕ್ಕಿಗೆ ಕಂಟ್ರೋಲ್ ಬಂದು ಗಿರಣಿ ನಿಂತುನಿಂತು ನಡೆಯುತ್ತಿದ್ದಾಗ ಅವರು ತೀರಿಕೊಂಡರು. ಕಣ್ಣು ಕೊನೆಯವರೆಗೂ ಚೆನ್ನಾಗಿತ್ತು. ಹಿಂದಿನ ದಿನ ಕೂಡ ಹಾಸಿಗೆಯಿಂದಲೇ, "ಲಾಡಿ ಹಣ್ಣಾಗೈತಿ ನೋಡವಾ, ಚೂಟು," ಎಂದಿದ್ದರು. ವಿಭೂತಿ, ಪತ್ರೆಗಳ ನಡುವೆ ಅವರನ್ನು ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದು ಕೂತಾಗ ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ. ಆಗ ಅತ್ತೆ ಕಿಟಕಿಯ ಕಡೆ ನೋಡಿ, "ಮುಂಜಾನಿಂದ ಮೀನಿಗೆ ಏನರ ಹಾಕಿದಿ ಏನವಾ?" ಎಂದು ಕೇಳಿದರು. ಮೀನು ಎಂದು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.

ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಆ ಹಳೆಯ ಗಾಜಿನ ಪೆಟ್ಟಿಗೆ ಅದೇ ಕಿಟಕಿಯ ಪಕ್ಕದಲ್ಲಿದೆ, ಅದೇ ಲಾಡಿಯ ಮರಿಮಕ್ಕಳು ಅದರಲ್ಲಿವೆ. ಕೆಲವು ದಿನಗಳಿಂದ ನನಗೆ ನೀರು ಬೆಳ್ಳಗೆ ಕಾಣುತ್ತದೆ. ನೋಡಿ ಹೇಳೆಂದು ಸೊಸೆಯನ್ನು ಕೇಳಿದೆ. ಅವಳು ಸುಳ್ಳು ಹೇಳುವವಳಲ್ಲ. "ನೀರು ತಿಳಿ ಐತ್ರಿ ಅತ್ತೀ," ಎಂದು ತಲೆ ತಗ್ಗಿಸಿದಳು. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಈಗಿನ ಕಾಲದಲ್ಲಿ ಹೆದರುವಂಥದ್ದೇನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹೆದರಿಕೆಯಿದೆ. ಇವತ್ತು ಬೆಳಿಗ್ಗೆ ಗಾಜಿಗೆ ವಿಭೂತಿ ಎಳೆದು, ಅದರ ಮೇಲೆ ಕೈಯಿಟ್ಟುಕೊಂಡು, ಒಳಗೆ ರೊಟ್ಟಿ ತಟ್ಟುತ್ತಿದ್ದ ಸೊಸೆಗೆ ಕೇಳುವಷ್ಟು ಜೋರಾಗಿ ಹೇಳಿದೆ:

"ನಾ ಬರೋತನಕ ಹಸರಿರ್ರಿ."

ರೊಟ್ಟಿಯ ಸದ್ದು ನಿಂತಿತು.